ಬೆಣ್ಣೆಹಳ್ಳದ ಲೆಕ್ಕ

ರೋಣ ತಾಲೂಕಿನ ಮೆಣಸಗಿಯ ಆಸುಪಾಸಿನಲ್ಲಿ ಬೆಣ್ಣೆಹಳ್ಳವು ಮಲಪ್ರಭೆಯನ್ನು ಕೂಡುತ್ತದೆ. ತೀರ್ಥಯಾತ್ರಿಕರು ನೆರೆಯುವ ಕೂಡಲಸಂಗಮದ ವೈಭವ ಇಲ್ಲಿಲ್ಲ; ವರ್ಷದ ಬಹುಭಾಗ ಇಲ್ಲಿ ಕಾಣತಕ್ಕದ್ದು ಕಪ್ಪು ಎರಿಮಣ್ಣಿನ ದಂಡೆ, ಬಳ್ಳಾರಿ ಜಾಲಿಯ ಪೊದೆ, ನಡುವೆ ಸೊರಗಿ ಹರಿಯುವ ನೀರು, ಇಷ್ಟೇ. ಆದರೆ ಜಲವಿಜ್ಞಾನವನ್ನು ವ್ಯಾಸಂಗ ಮಾಡಿದವನ ಕಣ್ಣಿಗೆ ಈ ಸಂಗಮವು ಅತ್ಯಂತ ಕುತೂಹಲಕರವಾದುದು. ಏಕೆಂದರೆ ಇಲ್ಲಿ ಕೂಡುವ ಎರಡು ಪ್ರವಾಹಗಳ ಜನ್ಮಸ್ಥಾನ, ಸ್ವಭಾವ, ಚರಿತ್ರೆ ಯಾವುದರಲ್ಲಿಯೂ ಸಾಮ್ಯವಿಲ್ಲ. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ಮಳೆಗಾಡಿನಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಮನುಷ್ಯನ ಅಪ್ಪಣೆ ದೊರೆತ ಮೇಲೆ ಮುಂದಕ್ಕೆ ಬರುವ ಹೊಳೆ. ಬೆಣ್ಣೆಹಳ್ಳವಾದರೋ ಶಿಗ್ಗಾವಿ ತಾಲೂಕಿನ ದುಂಡಶಿಯ ಕಡೆ ಹುಟ್ಟಿ, ಕುಂದಗೋಳ ಹುಬ್ಬಳ್ಳಿ ನವಲಗುಂದಗಳ ಕಪ್ಪು ನೆಲವನ್ನು ತೊಳೆದುಕೊಂಡು, ಧಾರವಾಡದ ಕಡೆಯಿಂದ ಬರುವ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು, ನವಿಲುತೀರ್ಥದಂಥ ಯಾವ ದೊಡ್ಡ ತಡೆಯೂ ಇಲ್ಲದೆ ಬಂದು ಬೀಳುವಂಥದು. ಯಮನೂರಿನ ಜಾತ್ರೆಯಲ್ಲಿ ಭಕ್ತರು ಈ ಹಳ್ಳದ ನೀರಿನಿಂದಲೇ ದೀಪ ಉರಿಯುತ್ತದೆಂದು ನಂಬಿ ನಡೆಯುವುದುಂಟು. ಆ ನಂಬಿಕೆಯ ವಿಚಾರ ಇಲ್ಲಿ ಪ್ರಸ್ತುತವಲ್ಲ. ಹಳ್ಳದ ಮಹಿಮೆಯನ್ನು ಹೊಗಳಿದಷ್ಟು ಆಸ್ಥೆಯಿಂದ ಅದರ ನೀರನ್ನು ನಾವು ಅಳೆದಿಲ್ಲವೆಂಬುದು ಮಾತ್ರ ಪ್ರಸ್ತುತವಾದುದು.

ಮಲಪ್ರಭೆಯ ಒಟ್ಟು ಜಲಾನಯನ ಪ್ರದೇಶವು ಸುಮಾರು 11,500 ಚದರ ಕಿಲೋಮೀಟರು. ಇದರಲ್ಲಿ ನವಿಲುತೀರ್ಥದ ಅಣೆಕಟ್ಟಿನ ಮೇಲ್ಗಡೆ ಇರುವುದು ಸುಮಾರು 2,500 ಮಾತ್ರ. ಎಂದರೆ, ನಾವು ಹೊಳೆಯನ್ನು ಕಟ್ಟಿಹಾಕಿದ್ದೇವೆಂದು ಹೇಳಿಕೊಳ್ಳುವಾಗ, ಕಟ್ಟಿಹಾಕಿರುವುದು ಅದರ ನಾಲ್ಕನೆಯ ಒಂದು ಪಾಲನ್ನೂ ಅಲ್ಲ; ಅಣೆಕಟ್ಟಿನ ಕೆಳಗೆ ಸೇರುವ ಬೆಣ್ಣೆಹಳ್ಳದ ಜಲಾನಯನವೊಂದೇ ಅಣೆಕಟ್ಟಿನ ಮೇಲಣ ಪ್ರದೇಶಕ್ಕಿಂತ ದೊಡ್ಡದು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಹಸ್ತ ಮಳೆಯ ಕಾಲಕ್ಕೆ, ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತವು ಬಯಲುಸೀಮೆಯ ಮೇಲೆ ಮಳೆಯನ್ನು ಸುರಿದಾಗ ಉತ್ತರ ಕರ್ನಾಟಕದ ಜಿಲ್ಲೆಗಳು ಎಂದೂ ಕಾಣದ ನೆರೆಯನ್ನು ಕಂಡುವು. ಹತ್ತು ವರ್ಷ ಕಳೆದು 2019ರ ಆಗಸ್ಟಿನಲ್ಲಿ ಹೊಳೆಯ ದಂಡೆಯ ಊರುಗಳು ಮತ್ತೆ ಮುಳುಗಿದುವು. ಆದರೆ ಆ ಸಲದ ನೀರಿನ ಬಹುಪಾಲು ಘಟ್ಟದಲ್ಲಿ ಬಿದ್ದು, ಜಲಾಶಯವನ್ನು ತುಂಬಿ, ಬಾಗಿಲುಗಳಿಂದ ಹೊರಬಿದ್ದ ನೀರು. ಮನೆಯೊಳಗೆ ನೀರು ಹೊಕ್ಕ ಗೃಹಸ್ಥನಿಗೆ ಎರಡೂ ಒಂದೇ. ಲೆಕ್ಕ ಹಾಕುವವನಿಗೆ ಇವೆರಡೂ ಬೇರೆ ಬೇರೆ ಜಾತಿಯ ಪ್ರವಾಹಗಳು. ಮೊದಲನೆಯದನ್ನು ಮುಂದಾಗಿ ತಿಳಿಯಬೇಕಾದರೆ ನೆಲವನ್ನು ಓದಬೇಕು, ಎರಡನೆಯದನ್ನು ತಿಳಿಯಬೇಕಾದರೆ ಅಣೆಕಟ್ಟಿನ ದಿನಚರಿಯನ್ನು ಓದಬೇಕು. ಎರಡೂ ಒಂದೇ ರಾತ್ರಿ ಮೆಣಸಗಿಯಲ್ಲಿ ಸಂಧಿಸಿದರೆ ಏನಾದೀತೆಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಎರಡನ್ನೂ ಓದಬಲ್ಲ ಒಬ್ಬ ವಿದ್ವಾಂಸನು ನಾಲ್ಕೈದು ವರ್ಷ ತಪಸ್ಸು ಮಾಡಬೇಕು. ಆ ತಪಸ್ಸಿಗೆ ಇಂದಿನ ವಿಶ್ವವಿದ್ಯಾಲಯಗಳು ಕೊಟ್ಟಿರುವ ಹೆಸರು ಪಿಎಚ್.ಡಿ.

ಮಳೆಯಾಗಿ ಬಿದ್ದ ನೀರಿನಲ್ಲಿ ಎಷ್ಟು ನೆಲಕ್ಕಿಳಿಯಿತು, ಎಷ್ಟು ಆವಿಯಾಗಿ ಹೋಯಿತು, ಎಷ್ಟು ನೆಲದ ಮೇಲೆಯೇ ಹರಿದು ಹಳ್ಳ ಸೇರಿತು, ಹಾಗೆ ಸೇರಿದುದು ಯಾವ ಗಳಿಗೆಗೆ ಯಾವ ಊರನ್ನು ಮುಟ್ಟಿತು ಎಂಬುದನ್ನು ಗಣಿತದ ಸೂತ್ರಗಳಲ್ಲಿ ಹಿಡಿಯುವ ಪ್ರಯತ್ನಕ್ಕೆ ಮೇಲ್ಹರಿವಿನ ಮಾದರಿ ರಚನೆಯೆಂದು ಹೆಸರು. ಈ ಪ್ರಯತ್ನ ಹೊಸದೇನೂ ಅಲ್ಲ. ಐರ್ಲೆಂಡಿನ ಇಂಜಿನಿಯರ್ ಥಾಮಸ್ ಮಲ್ವೇನಿ 1851ರಲ್ಲಿಯೇ ಮಳೆಯ ತೀವ್ರತೆಗೂ ಪ್ರವಾಹದ ಶಿಖರಕ್ಕೂ ಇರುವ ಸಂಬಂಧವನ್ನು ಒಂದು ಸರಳ ಸೂತ್ರದಲ್ಲಿ ಹೇಳಿದನು. ನಮ್ಮ ಊರಿನ ಮೋರಿಗಳನ್ನು ಕಟ್ಟುವಾಗ ಇಂದಿಗೂ ಬಳಕೆಯಾಗುವುದು ಆ ಸೂತ್ರವೇ. ಅಮೆರಿಕೆಯ ಶೆರ್ಮನ್ 1932ರಲ್ಲಿ, ಒಂದು ಜಲಾನಯನವು ಒಂದು ಅಳತೆ ಮಳೆಗೆ ಹೇಗೆ ಪ್ರತಿಕ್ರಿಯಿಸುತ್ತದೆಂಬುದನ್ನು ಒಂದು ಸಲ ಕಂಡುಕೊಂಡರೆ ಬೇರೆ ಮಳೆಗಳಿಗೂ ಅದರಿಂದಲೇ ಪ್ರವಾಹವನ್ನು ಕಟ್ಟಿ ತೋರಿಸಬಹುದೆಂದು ಸಾಧಿಸಿದನು. ನಮ್ಮವರೇ ಆದ ವಿಶ್ವೇಶ್ವರಯ್ಯನವರು, 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಹೈದರಾಬಾದನ್ನು ಮುಳುಗಿಸಿದ ಮೇಲೆ ನಿಜಾಮರ ಸರಕಾರದ ಕರೆಯಂತೆ ಅಲ್ಲಿಗೆ ಹೋಗಿ, ಮಳೆಯ ದಾಖಲೆಗಳನ್ನೂ ಒಡೆದ ಕೆರೆಗಳನ್ನೂ ಪರಿಶೀಲಿಸಿ, ಊರಿನ ಮೇಲ್ಗಡೆ ಜಲಾಶಯಗಳನ್ನು ಕಟ್ಟಬೇಕೆಂದು ವರದಿ ಕೊಟ್ಟರು. ಉಸ್ಮಾನ್ ಸಾಗರ ಹಿಮಾಯತ್ ಸಾಗರಗಳು ಅದರ ಫಲ. ಬೆಣ್ಣೆಹಳ್ಳದ ನೆರೆಯನ್ನು ತಡೆಯುವ ಬಗೆಗೂ ನೀರಾವರಿ ತಜ್ಞ ಪರಮಶಿವಯ್ಯನವರ ವರದಿಯೊಂದುಂಟು. ನವಲಗುಂದ ರೋಣಗಳ ರೈತರು ಅದರ ಹೆಸರನ್ನು ಪ್ರತಿ ನೆರೆಯ ತರುವಾಯವೂ ನೆನೆಯುತ್ತಾರೆ.

ಈಗ ನೆಲದ ಮಾತಿಗೆ ಬರೋಣ. ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದುದೂ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾದುದೂ ಅದೇ. ಎರಿ ಭೂಮಿಯು ಬೇಸಗೆಯಲ್ಲಿ ಬಿರಿಯುತ್ತದೆ. ಕೈ ಹೋಗುವಷ್ಟು ಅಗಲವಾಗಿ, ಮೊಳಗಟ್ಟಲೆ ಆಳಕ್ಕೆ ಬಿರಿಯುತ್ತದೆ. ಅದರಲ್ಲಿರುವ ಮಾಂಟ್ಮೊರಿಲೋನೈಟ್ ಎಂಬ ಜೇಡಿಯು ನೀರು ಕುಡಿದಾಗ ಉಬ್ಬಿ, ಆರಿದಾಗ ಕುಗ್ಗುವ ಗುಣವುಳ್ಳದ್ದಾದುದರಿಂದ ಹೀಗೆ. ರೋಹಿಣಿ ಮೃಗಶಿರಗಳ ಮೊದಲ ಮಳೆ ಬಿದ್ದಾಗ ನೀರು ಈ ಬಿರುಕುಗಳಿಗೆ ನೇರವಾಗಿ ಇಳಿದು ಮಾಯವಾಗುತ್ತದೆ. ಜೋರು ಮಳೆಯಾದರೂ ಹಳ್ಳಕ್ಕೆ ನೀರು ಬರುವುದಿಲ್ಲ. ದಿನಗಳು ಕಳೆದಂತೆ ಜೇಡಿ ಉಬ್ಬಿ ಬಿರುಕುಗಳು ಮುಚ್ಚುತ್ತವೆ, ಮತ್ತು ಒಮ್ಮೆ ಮುಚ್ಚಿದ ಮೇಲೆ ಅದೇ ನೆಲವು ನೀರನ್ನು ಒಳಗೆ ಬಿಡುವುದರಲ್ಲಿ ಅತ್ಯಂತ ಕೃಪಣವಾಗುತ್ತದೆ: ಗಂಟೆಗೆ ಕೆಲವೇ ಮಿಲಿಮೀಟರು, ಎಷ್ಟೋ ಕಡೆ ಅದೂ ಇಲ್ಲ. ಹಸ್ತ ಚಿತ್ತಿಗಳ ಹೊತ್ತಿಗೆ, ಹಿಂಗಾರಿ ಜೋಳ ಕಡಲೆಗಳ ಬಿತ್ತಿಗೆಗೆ ರೈತನು ಹದ ನೋಡುತ್ತಿರುವ ಕಾಲಕ್ಕೆ, ಬಿದ್ದ ಮಳೆಯ ಹೆಚ್ಚಿನ ಪಾಲು ಹಳ್ಳಕ್ಕೇ ಹೋಗುತ್ತದೆ. ಹೀಗೆ ಒಂದೇ ಹೊಲ ಆಷಾಢದಲ್ಲಿ ಒಂದು ಬಗೆ, ಆಶ್ವಯುಜದಲ್ಲಿ ಮತ್ತೊಂದು ಬಗೆ. ಈ ಸಂಗತಿಯನ್ನು ಎರಿ ಹೊಲದ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಕಲಿಸಬೇಕಾಗಿರುವುದು ಗಣಕಯಂತ್ರಕ್ಕೆ.

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂದು ಪದ್ಧತಿಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅಮೆರಿಕೆಯ ಭೂಸಂರಕ್ಷಣಾ ಇಲಾಖೆಯು 1950ರ ದಶಕದಲ್ಲಿ ರೂಪಿಸಿದ ‘ಕರ್ವ್ ನಂಬರ್’ ಎಂಬ ಲೆಕ್ಕಾಚಾರ ಅದು. ನೆಲದ ಜಾತಿ, ಬೆಳೆ, ಹಸಿ ಇವುಗಳನ್ನು ನೋಡಿ ಪ್ರತಿಯೊಂದು ಪ್ರದೇಶಕ್ಕೆ ನೂರರೊಳಗಿನ ಒಂದು ಅಂಕವನ್ನು ಕೊಡುವುದು. ಅಂಕ ಹೆಚ್ಚಿದಷ್ಟೂ ಹರಿಯುವ ನೀರು ಹೆಚ್ಚು. 100 ಮಿಲಿಮೀಟರು ಮಳೆ ಬಿದ್ದಿತೆನ್ನೋಣ. ನೆಲದ ಅಂಕ 70 ಎಂದಿಟ್ಟರೆ ಸುಮಾರು 33 ಮಿಲಿಮೀಟರು ಹರಿದುಹೋಗುತ್ತದೆ. 93 ಎಂದಿಟ್ಟರೆ ಸುಮಾರು 80. ಸಾಧಾರಣ ಹಸಿಯಲ್ಲಿ 85 ಅಂಕದ ಒಂದೇ ನೆಲವು ಒಣಗಿದ್ದಾಗ ಮೊದಲನೆಯದಕ್ಕೆ ಸಮೀಪವಾಗಿಯೂ ತೊಯ್ದಿದ್ದಾಗ ಎರಡನೆಯದಾಗಿಯೂ ವರ್ತಿಸುತ್ತದೆಂದು ಆ ಪದ್ಧತಿಯೇ ಒಪ್ಪುತ್ತದೆ. ಈ ಎರಡರ ಅಂತರವಾದ 47 ಮಿಲಿಮೀಟರನ್ನು ಸಾವಿರ ಚದರ ಕಿಲೋಮೀಟರಿನ ಮೇಲೆ ಹರಡಿದರೆ ಒಂದೂವರೆ ಟಿಎಂಸಿಗೂ ಹೆಚ್ಚು ನೀರಾಗುತ್ತದೆ. ಮಹದಾಯಿ ನ್ಯಾಯಾಧಿಕರಣವು 2018ರ ಆಗಸ್ಟಿನಲ್ಲಿ ಕಳಸಾ ಬಂಡೂರಿಗಳಿಂದ ಮಲಪ್ರಭೆಗೆ ತಿರುಗಿಸಿಕೊಳ್ಳಲು ನಮಗೆ ಒಪ್ಪಿದ ನೀರು 3.9 ಟಿಎಂಸಿ, ಅದಕ್ಕಾಗಿ ನರಗುಂದ ನವಲಗುಂದಗಳ ರೈತರು ವರ್ಷಗಟ್ಟಲೆ ಬೀದಿಯಲ್ಲಿ ಕುಳಿತುದನ್ನು ನಾಡು ಬಲ್ಲದು. ಅದರ ಐದರಲ್ಲಿ ಎರಡು ಪಾಲಿಗೂ ಮೀರಿದ ನೀರು, ನೆಲಕ್ಕೆ ಯಾವ ಅಂಕ ಕೊಡಬೇಕೆಂಬ ಒಂದು ಊಹೆಯಲ್ಲಿ, ಒಂದೇ ಮಳೆಯ ಲೆಕ್ಕದಲ್ಲಿ, ಬರುತ್ತದೆ ಅಥವಾ ಹೋಗುತ್ತದೆ.

ಇನ್ನು ಆ ಊಹೆಯಾದರೂ ಹೇಗೆ ನಡೆಯುತ್ತದೆ? ಹಿಂದಿನ ಐದು ದಿನಗಳ ಮಳೆಯನ್ನು ಕೂಡಿ, ನೆಲ ಒಣಗಿದೆ, ಸಾಧಾರಣವಾಗಿದೆ, ತೊಯ್ದಿದೆ ಎಂದು ಮೂರು ತರಗತಿ ಮಾಡುವುದೇ ಹಳೆಯ ರೂಢಿ. ಐದು ದಿನದ ಹಿಂದಿನದನ್ನು ಮರೆಯುವ ನೆಲಕ್ಕೆ ಇದು ಸಲ್ಲಬಹುದು. ಎರಿಯಾದರೋ ತಿಂಗಳುಗಟ್ಟಲೆ ನೆನಪಿಡುವ ನೆಲ. ಭಾರತದ ಕಪ್ಪು ಮಣ್ಣಿಗೆ ಬೇರೆ ಗುಣಾಂಕಗಳನ್ನು ಬಳಸಬೇಕೆಂದು ನಮ್ಮ ಕೃಷಿ ಇಲಾಖೆಯ ಕೈಪಿಡಿಯು ಹಿಂದೆಯೇ ಸೂಚಿಸಿದುದುಂಟು. ಆದರೆ ಬಿರುಕುಗಳು ಯಾವಾಗ ಮುಚ್ಚುತ್ತವೆ, ಎಷ್ಟು ಮಳೆಗೆ ಮುಚ್ಚುತ್ತವೆ, ಹತ್ತಿಯ ಹೊಲದಲ್ಲಿ ಒಂದು ರೀತಿ ಹೆಸರಿನ ಹೊಲದಲ್ಲಿ ಮತ್ತೊಂದು ರೀತಿ ಮುಚ್ಚುತ್ತವೆಯೇ ಎಂಬುದನ್ನು ಬೆಣ್ಣೆಹಳ್ಳದ ಬಯಲಿನಲ್ಲಿ ಕುಳಿತು, ಹೊಲಹೊಲವಾಗಿ ಅಳೆದು, ಸೂತ್ರಕ್ಕೆ ತರುವ ಕೆಲಸ ಒಂದು ಪ್ರಬಂಧಕ್ಕೆ ಮಾತ್ರವಲ್ಲ, ನಾಲ್ಕಾರು ಪ್ರಬಂಧಗಳಿಗೆ ಸಾಕಾಗುವಷ್ಟಿದೆ.

ಸಂಶೋಧನೆಗೆ ಅವಕಾಶವೆಂದರೆ ವಿದ್ಯಾರ್ಥಿವೇತನವೆಂದು ಭಾವಿಸುವುದು ಇಂದಿನ ವಾಡಿಕೆ. ನಾನು ಮೊದಲು ಪ್ರಶ್ನೆಗಳನ್ನು ಎಣಿಸುತ್ತೇನೆ. ಅಣೆಕಟ್ಟಿನಿಂದ ಬಿಟ್ಟ ನೀರು ಮೆಣಸಗಿಗೆ ಬರುವಾಗ ಹಳ್ಳವೂ ತುಂಬಿದ್ದರೆ, ಇಷ್ಟು ಸಪಾಟಾದ ಬಯಲಿನಲ್ಲಿ ಹೊಳೆಯ ನೀರು ಹಳ್ಳವನ್ನು ಹಿಂದಕ್ಕೆ ಒತ್ತುತ್ತದೆ. ಮೇಲ್ದಂಡೆಯ ಹೊಲಗಳು ಮುಳುಗುವುದು ಹಳ್ಳದ ನೀರಿನಿಂದಲೋ ಹೊಳೆ ಒತ್ತಿದುದರಿಂದಲೋ ಎಂಬುದನ್ನು ಬೇರ್ಪಡಿಸಿ ತೋರಿಸಿದರೆ ಬಾಗಿಲು ಎತ್ತುವ ಅಧಿಕಾರಿಗೆ ನೇರವಾದ ಪ್ರಯೋಜನ. ಹೊಳೆಯ ಪಾತ್ರವೇ ಹೂಳಿನಿಂದ, ಜಾಲಿಯಿಂದ, ಒತ್ತುವರಿಯಿಂದ ಕಿರಿದಾಗಿದೆ. ಹಿಂದಿನಷ್ಟೇ ನೀರು ಈಗ ಹಿಂದಿಗಿಂತ ಎತ್ತರ ಏರುವುದಕ್ಕೆ ಇದರ ಪಾಲೆಷ್ಟು? ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲದಲ್ಲಿ ಕೃಷಿಹೊಂಡಗಳಾದುವು. ಒಂದು ಹೊಂಡ ಪ್ರವಾಹದ ಮುಂದೆ ಏನೂ ಅಲ್ಲ, ಸಾವಿರಾರು ಹೊಂಡಗಳು ಕೂಡಿ ಮುಂಗಾರಿನ ಮೊದಲ ಹರಿವನ್ನು ಎಷ್ಟು ಹಿಡಿಯುತ್ತವೆ, ಹಸ್ತದ ಹೊತ್ತಿಗೆ ತುಂಬಿ ನಿಂತ ಮೇಲೆ ಏನೂ ಹಿಡಿಯುವುದಿಲ್ಲವೇ? ಹುಬ್ಬಳ್ಳಿ ಬೆಳೆದು ಕಾಂಕ್ರೀಟಾದಷ್ಟೂ ಅಲ್ಲಿಯ ಮಳೆ ಹೆಚ್ಚು ಬೇಗ ಹಳ್ಳಕ್ಕಿಳಿಯುತ್ತದೆ. ಕೆಳಗಿನ ಊರುಗಳಿಗೆ ಅದರಿಂದ ಎಷ್ಟು ಹೊತ್ತಿನ ಮುನ್ಸೂಚನೆ ತಪ್ಪಿತು?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವವನಿಗೆ ಆಧಾರ ಸಾಮಗ್ರಿ ಇಂದು ಹಿಂದೆಂದಿಗಿಂತಲೂ ಸುಲಭ. ಹವಾಮಾನ ಇಲಾಖೆಯು 1901ರಿಂದ ಈಚಿನ ದಿನದಿನದ ಮಳೆಯನ್ನು ದೇಶವನ್ನೆಲ್ಲ ಚೌಕ ಮನೆಗಳಾಗಿ ವಿಂಗಡಿಸಿ ಕೊಡುತ್ತದೆ. ಮಲಪ್ರಭೆಯ ಮೇಲೆ ಬಾದಾಮಿ ತಾಲೂಕಿನ ಚೊಳಚಗುಡ್ಡದಲ್ಲಿ ಕೇಂದ್ರ ಜಲ ಆಯೋಗದ ಅಳತೆಯ ಠಾಣೆಯಿದೆ. ಗಂಗಾ ಬ್ರಹ್ಮಪುತ್ರಗಳ ದಾಖಲೆಗಳಿಗಿರುವ ಗೋಪ್ಯತೆಯ ನಿರ್ಬಂಧ ದಕ್ಷಿಣದ ನದಿಗಳಿಗಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿದೆ. ಐರೋಪ್ಯರ ಸೆಂಟಿನೆಲ್ ಉಪಗ್ರಹದ ರೇಡಾರು ಮೋಡದ ಮರೆಯಲ್ಲಿಯೂ ನೆರೆನೀರನ್ನು ನೋಡಬಲ್ಲುದು, ಅದರ ಚಿತ್ರಗಳು ಉಚಿತ. ಎಲ್ಲ ಉಂಟು; ಹಳ್ಳದ ಹರಿವಿನ ದೀರ್ಘಕಾಲದ ಅಳತೆಯೊಂದು ಅಪರೂಪ. ಮಳೆಯ ಲೆಕ್ಕವೂ ಸೂಕ್ಷ್ಮವಾದುದಲ್ಲ: ಹವಾಮಾನ ಇಲಾಖೆಯ ಚೌಕ ಮನೆಯೊಂದರ ಪಕ್ಕ ಸುಮಾರು 27 ಕಿಲೋಮೀಟರು. ನವಲಗುಂದದ ಮೇಲೆ ಮಾತ್ರ ಬಿದ್ದ ಕುಂಭದ್ರೋಣವು ಅಷ್ಟಗಲದ ಸರಾಸರಿಯಲ್ಲಿ ಸಾಮಾನ್ಯ ಮಳೆಯಂತೆ ತೋರೀತು. ಅಳತೆಯಿಲ್ಲದ ಜಲಾನಯನಗಳಲ್ಲಿ ಪ್ರವಾಹವನ್ನು ಹೇಗೆ ಅಂದಾಜು ಮಾಡಬೇಕೆಂಬುದು ಜಗತ್ತಿನ ಜಲವಿಜ್ಞಾನಿಗಳನ್ನೇ ಕಾಡಿದ ಪ್ರಶ್ನೆಯಾದುದರಿಂದ, ಅವರ ಅಂತರರಾಷ್ಟ್ರೀಯ ಸಂಘವು 2003ರಿಂದ 2012ರವರೆಗಿನ ದಶಕವನ್ನು ಅದಕ್ಕಾಗಿಯೇ ಮೀಸಲಿಟ್ಟಿತು. ದಶಕ ಮುಗಿಯಿತು, ಪ್ರಶ್ನೆ ಮುಗಿದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸ್ವಾಟ್, ಹೆಕ್-ಎಚ್‌ಎಂಎಸ್ ಮೊದಲಾದ ಸಿದ್ಧ ಮಾದರಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹತ್ತಾರು ಗುಣಾಂಕಗಳನ್ನು ಅತ್ತಿತ್ತ ತಿರುಗಿಸುತ್ತ ಹೋದರೆ, ಲೆಕ್ಕದ ರೇಖೆಯು ಅಳತೆಯ ರೇಖೆಯ ಮೇಲೆ ಚೆನ್ನಾಗಿ ಕುಳಿತುಕೊಳ್ಳುತ್ತದೆ. ಆದರೆ ಇಂಗ್ಲೆಂಡಿನ ಕೀತ್ ಬೆವೆನ್ ಎಂಬ ವಿದ್ವಾಂಸರು ಬಹುಕಾಲದಿಂದ ಒತ್ತಿ ಹೇಳುತ್ತ ಬಂದಿರುವಂತೆ, ಪರಸ್ಪರ ವಿರುದ್ಧವಾದ ಅನೇಕ ಗುಣಾಂಕ ಸಮೂಹಗಳು ಒಂದೇ ಉತ್ತರವನ್ನು ಕೊಡಬಲ್ಲುವು. ಉತ್ತರ ಸರಿಯಾದ ಮಾತ್ರಕ್ಕೆ ಕಾರಣ ಸರಿಯೆನ್ನಲಾಗದು. ಈಚೆಗೆ ಯಂತ್ರಕಲಿಕೆಯ ವಿಧಾನಗಳು ಹಳೆಯ ಮಾದರಿಗಳನ್ನು ಅನೇಕ ಕಡೆ ಮೀರಿಸಿವೆ, ನಿಜ. ಅವು ಕಲಿಯುವುದು ಹಳೆಯ ದಾಖಲೆಗಳಿಂದ, ದಾಖಲೆಯೇ ಅಪರೂಪವಾದ ಹಳ್ಳದಲ್ಲಿ ಅವುಗಳಿಗೆ ಪಾಠ ಎಲ್ಲಿಯದು? ಹೊಲಕ್ಕೆ ಕಾಲಿಡದೆ, ಪರದೆಯ ಮುಂದೆಯೇ ಕುಳಿತು, ಒಂದು ಜಲಾನಯನದ ಹೆಸರನ್ನು ಅಳಿಸಿ ಮತ್ತೊಂದರ ಹೆಸರನ್ನು ಬರೆದಂತೆ ತೋರುವ ಪ್ರಬಂಧಗಳು ನಮ್ಮಲ್ಲಿ ಕಡಮೆಯಿಲ್ಲ. ಅಂಥ ಮತ್ತೊಂದು ಬೇಕಾಗಿಲ್ಲ.

ಎಲ್ಲಿ ಕಲಿಯಬೇಕು? ದೂರ ಹೋಗಬೇಕಾಗಿಲ್ಲ. ರೂರ್ಕಿಯ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆಯು 1987ರಿಂದ ಬೆಳಗಾವಿಯಲ್ಲಿ ಪ್ರಾದೇಶಿಕ ಕೇಂದ್ರವನ್ನು ನಡೆಸುತ್ತಿದೆ. ಮಲಪ್ರಭೆಯ ಮೇಲ್ಭಾಗದ ಬಗೆಗೆ ಅಲ್ಲಿ ಸಾಕಷ್ಟು ಕೆಲಸವಾಗಿದೆ. ಧಾರವಾಡದಲ್ಲಿ 2016ರಿಂದ ಐಐಟಿ ಇದೆ, ಕೃಷಿ ವಿಶ್ವವಿದ್ಯಾಲಯವಿದೆ, ಜಲ ಮತ್ತು ನೆಲ ನಿರ್ವಹಣೆಯ ಸಂಸ್ಥೆ ವಾಲ್ಮಿ ಇದೆ. ರಾಯಚೂರಿನ ಕೃಷಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮಣ್ಣು ನೀರಿನ ಇಂಜಿನಿಯರಿಂಗ್ ಒಂದು ಪ್ರತ್ಯೇಕ ವಿಭಾಗ; ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರವು 1954ರಿಂದ ಕಪ್ಪು ಮಣ್ಣಿನ ಮೇಲೆಯೇ ಕೆಲಸ ಮಾಡುತ್ತ ಬಂದಿದೆ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಜಲಸಂಪನ್ಮೂಲದ ವ್ಯಾಸಂಗಕ್ಕೆ ದೀರ್ಘ ಪರಂಪರೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿವಿಲ್ ವಿಭಾಗದವರೂ ಜಲಸಂಶೋಧನೆಯ ಅಂತರ್ವಿಷಯ ಕೇಂದ್ರದವರೂ ಫ್ರೆಂಚ್ ವಿದ್ವಾಂಸರೊಡಗೂಡಿ ಬಂಡೀಪುರದ ಮೂಲೆಹೊಳೆಯಲ್ಲಿ ಸುಮಾರು ನಾಲ್ಕು ಚದರ ಕಿಲೋಮೀಟರಿನ ಒಂದು ಕಿರುಜಲಾನಯನವನ್ನು 2003ರಿಂದಲೂ, ಗುಂಡ್ಲುಪೇಟೆಯ ಬೇರಂಬಾಡಿಯಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಇನ್ನೊಂದನ್ನೂ, ಮಳೆ ಹರಿವು ಅಂತರ್ಜಲ ಎಲ್ಲವನ್ನೂ ಬಿಡದೆ ಅಳೆಯುತ್ತ ಅಧ್ಯಯನ ಮಾಡಿದ್ದಾರೆ. ಒಂದು ಸಣ್ಣ ಹಳ್ಳವನ್ನು ವರ್ಷಗಟ್ಟಲೆ ತಾಳ್ಮೆಯಿಂದ ಅಳೆದರೆ ಏನೆಲ್ಲ ತಿಳಿಯಬಹುದೆಂಬುದಕ್ಕೆ ಅದು ನಮ್ಮ ನಾಡಿನ ಉತ್ತಮ ನಿದರ್ಶನ. ಆದರೆ ಅದು ಕಬಿನಿಯ ಸೀಮೆ, ಎರಿಯ ಬಯಲಲ್ಲ. ಬೇರಂಬಾಡಿಯಂಥದೊಂದು ಬೆಣ್ಣೆಹಳ್ಳಕ್ಕೂ ಬೇಕು.

ಪ್ರವೇಶದ ಕ್ರಮವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಸಿವಿಲ್ ಅಥವಾ ಕೃಷಿ ಇಂಜಿನಿಯರಿಂಗಿನವರು ಗೇಟ್ ಪರೀಕ್ಷೆಯ ಮೂಲಕವೂ, ಭೂವಿಜ್ಞಾನ, ಭೂಗೋಳ, ಗಣಿತ, ಭೌತಶಾಸ್ತ್ರಗಳ ಸ್ನಾತಕೋತ್ತರರು ಗೇಟ್ ಇಲ್ಲವೆ ನೆಟ್ ಪರೀಕ್ಷೆಯ ಮೂಲಕವೂ ಬರಬಹುದು, ಆಮೇಲೆ ಸಂದರ್ಶನ. ಈ ವಿದ್ಯೆ ಇಂಜಿನಿಯರುಗಳ ಸ್ವತ್ತೆಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೇರೂರಿದೆ, ಅದು ತಪ್ಪು. ಕಿರಿಯ ಸಂಶೋಧಕರಿಗೆ ಕೇಂದ್ರದ ವೇತನವು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷಗಳ ತರುವಾಯ 42,000, ಮೇಲೆ ಮನೆಬಾಡಿಗೆ ಭತ್ಯೆ. ಯುಜಿಸಿಯ ನಿಯಮದಂತೆ ವ್ಯಾಸಂಗದ ಅವಧಿ ಮೂರು ವರ್ಷಕ್ಕೆ ಕಡಮೆಯಿಲ್ಲದೆ ಆರು ವರ್ಷಕ್ಕೆ ಮೀರದಂತೆ. ಐರೋಪ್ಯ ದೇಶಗಳಲ್ಲಿ ಇಂಥ ಸ್ಥಾನಗಳನ್ನು ನೌಕರಿಯಂತೆಯೇ ಪ್ರಕಟಿಸಿ ಸಂಬಳ ಕೊಡುವುದುಂಟು. ನೆದರ್ಲೆಂಡಿನ ಡೆಲ್ಫ್ಟ್ ನಗರದ ಜಲಶಿಕ್ಷಣ ಸಂಸ್ಥೆಯು 1957ರಿಂದ ನಮ್ಮಂಥ ದೇಶಗಳವರಿಗಾಗಿಯೇ ನಡೆಯುತ್ತಿದೆ. ಹೊರಗೆ ಹೋಗುವವರು ಹೋಗಲಿ. ಹೋದವರು ಅಲ್ಲಿಯ ಗುರುಗಳ ಮುಂದೆ ರೈನ್ ನದಿಯ ಪ್ರಶ್ನೆಯನ್ನೇ ಇಡಬೇಕೆಂಬ ನಿಯಮವಿಲ್ಲ. ಬಿರಿಯುವ ಮಣ್ಣಿನ ಹಳ್ಳವೊಂದರ ಪ್ರಶ್ನೆಯನ್ನು ಇಟ್ಟರೆ ಆಸ್ಟ್ರೇಲಿಯಾ, ಟೆಕ್ಸಾಸ್, ಸುಡಾನ್‌ಗಳಲ್ಲಿ ಅದೇ ಮಣ್ಣಿನೊಡನೆ ಗುದ್ದಾಡುತ್ತಿರುವವರು ಕಿವಿಗೊಟ್ಟು ಕೇಳುತ್ತಾರೆ.

ಸ್ಥಳೀಯ ವಿದ್ಯಾರ್ಥಿಗೆ ಇಲ್ಲಿ ಒಂದು ಅನುಕೂಲವಿದೆ. 2009ರ ನೀರು ಯಾವ ಗೋಡೆಯ ಯಾವ ಕಲ್ಲಿನವರೆಗೆ ಏರಿತ್ತೆಂಬುದನ್ನು ಊರಿನ ಹಿರಿಯರು ಇಂದಿಗೂ ಬೆರಳಿಟ್ಟು ತೋರಿಸಬಲ್ಲರು. ದೂರದ ಪ್ರಯೋಗಶಾಲೆಯ ಮಾದರಿಯನ್ನು ಒರೆಗೆ ಹಚ್ಚಲು ಅದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ಮತ್ತೊಂದಿಲ್ಲ. ಅವರ ಭಾಷೆ ಬಲ್ಲವನಿಗೆ, ‘ಕಾಕಾ, ಹೊಳಿ ಮೊದಲು ಬಂತೋ ಹಳ್ಳ ಮೊದಲು ಬಂತೋ?’ ಎಂದು ಕಟ್ಟೆಯ ಮೇಲೆ ಕುಳಿತು ಕೇಳಬಲ್ಲವನಿಗೆ, ಆ ಸಾಕ್ಷ್ಯ ದೊರೆಯುತ್ತದೆ. ಆದರೆ ಆ ಹಿರಿಯರು ಇನ್ನೆಷ್ಟು ಕಾಲ ಇದ್ದಾರು?

ಗದಗ, ರೋಣ, ನರಗುಂದಗಳ ಕಾಲೇಜುಗಳಲ್ಲಿ ವಿಜ್ಞಾನ ಬೋಧಿಸುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ಗೇಟ್ ಪರೀಕ್ಷೆ ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅದಕ್ಕೆ ಅರ್ಜಿ ಕರೆಯುವುದು ಅದರ ಹಿಂದಿನ ಆಗಸ್ಟ್ ಸೆಪ್ಟೆಂಬರುಗಳಲ್ಲಿ, ಅಂದರೆ ಹಳ್ಳ ತುಂಬುವ ಕಾಲದಲ್ಲಿಯೇ. ಅರ್ಜಿ ಹಾಕುವ ವಿದ್ಯಾರ್ಥಿಗಳನ್ನು ಆ ತಿಂಗಳುಗಳಲ್ಲಿ ಬೆಣ್ಣೆಹಳ್ಳದ ಯಾವುದಾದರೊಂದು ಸೇತುವೆಗೆ ಕರೆದೊಯ್ದು, ಕಂಬದ ಮೇಲೆ ಗೇಣು ಗೇಣಿಗೆ ಬಣ್ಣದ ಗೆರೆ ಬಳಿಸಿ, ನೀರು ಏರಿಳಿಯುವ ಹೊತ್ತನ್ನು ದಂಡೆಯ ಮೇಲಿನಿಂದ ಬರೆದಿಡಲು ಹೇಳಿರಿ. ನಾಳೆ ಅವರು ಸಂದರ್ಶನಕ್ಕೆ ಹೋದಾಗ ಒಯ್ಯಬೇಕಾದ ಕಾಗದಗಳಲ್ಲಿ ಆ ವಹಿಯೂ ಒಂದಾಗಿರಲಿ.